ಭುಜಂಗಪ್ಪನಿಗೆ ಎಷ್ಟು ಬೆಳಕು?

ಕೆಟ್ಟವರನ್ನು ಬರೆಯುವುದು ನನಗೆ ಬರುವುದಿಲ್ಲ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ನನ್ನ ಕಥೆಯೊಳಗೆ ಯಾವನಾದರೂ ದುಷ್ಟ ಮೀಸೆ ತಿರುವುತ್ತ ಕಾಲಿಟ್ಟನೆಂದರೆ, ಎರಡನೆಯ ಪುಟಕ್ಕೆಲ್ಲ ಅವನಿಗೆ ಮಂಡಿನೋವು ಶುರುವಾಗಿರುತ್ತದೆ. ಮೂರನೆಯ ಪುಟದಲ್ಲಿ ಯಾರದೋ ಮಗುವನ್ನು ಎತ್ತಿಕೊಂಡಿರುತ್ತಾನೆ. ನಾಲ್ಕನೆಯದರಲ್ಲಿ ನಾನೇ ಎದ್ದು ಅವನಿಗೆ ಚಹಾ ಮಾಡಿಕೊಡುವುದೊಂದು ಬಾಕಿ. ಇನ್ನು ಒಳ್ಳೆಯವರನ್ನು ಬರೆಯುವುದು ಅದಕ್ಕಿಂತ ಕಷ್ಟ. ಅವರು ಬಾಯಿ ತೆರೆದ ಕೂಡಲೇ ಓದುವವರಿಗೆ ಆಕಳಿಕೆ ಬರುತ್ತದೆ. ಬರೆಯುವವಳಿಗೆ ಅದಕ್ಕೂ ಮೊದಲೇ. ಕತ್ತಲೆ ಎಷ್ಟು ಹಾಕಬೇಕು, ಬೆಳಕು ಎಷ್ಟು ಹಾಕಬೇಕು ಎಂಬುದು ಅಡುಗೆಯ ಉಪ್ಪಿನ ಹಾಗೆ ಕೈಗೆ ತಾನಾಗಿ ಒಲಿಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನ್ನ ಕೈಯ ಉಪ್ಪಿನ ವಿಷಯವನ್ನು ನಮ್ಮ ಯಜಮಾನರನ್ನು ಕೇಳುವುದು ವಾಸಿ.

ನನ್ನ ಗೊಂದಲಕ್ಕೆ ನಮ್ಮ ಊರೂ ಸ್ವಲ್ಪ ಕಾರಣ ಎಂದರೆ ತಪ್ಪಾಗಲಾರದು. ಚೀನಾದವರು ನಮ್ಮ ಕಬ್ಬಿಣದ ಮಣ್ಣನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದ ಕಾಲ ಅದು. ಸಂಡೂರಿನ ಗುಡ್ಡದಿಂದ ಇಳಿದ ಲಾರಿಗಳು ಹೊಸಪೇಟೆಯ ರಸ್ತೆಗಳಲ್ಲಿ ಹಗಲಿಡೀ ಸಾಲುಗಟ್ಟಿ ನಿಂತಿರುತ್ತಿದ್ದವು. ನಾನು ಕಲಿಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹುಡುಗಿಯರ ಬಿಳಿ ರವಿಕೆ ಸಂಜೆಯ ಹೊತ್ತಿಗೆ ಕೆಂಪು. ಕರಿ ಜಡೆಯೂ ಕೆಂಪು. ಎಮ್ಮೆಗಳು ಕೂಡ ಕೆಂಪಗೆ ಓಡಾಡುತ್ತಿದ್ದವು. ಗಣಿ ಧಣಿಗಳ ಹೆಲಿಕಾಪ್ಟರು ಹಾರಿದರೆ ಮಕ್ಕಳು ತಲೆಯೆತ್ತಿ ನೋಡುವುದನ್ನೂ ಬಿಟ್ಟಿದ್ದರು. ಕಪ್ಪು ಬಿಳುಪು ಎಂಬ ಎರಡು ಬಣ್ಣಗಳೇ ಉಳಿಯದ ಊರಿನಲ್ಲಿ ಕುಳಿತು ಒಳ್ಳೆಯವ-ಕೆಟ್ಟವ ಎಂದು ಬರೆಯುವುದು ಹೇಗೆ?

ಹೀಗಿರುವಾಗ ಗಾದಿಗನೂರಿನ ನಾಟಕದ ಮೇಳದವರು ನನ್ನ ಮನೆಗೆ ಬಂದರು. ಗಾದಿಗನೂರು ನಮ್ಮೂರಿಗೆ ಹತ್ತಿರದ ಹಳ್ಳಿ. ಅಲ್ಲಿಯವರು ವರ್ಷಕ್ಕೊಂದು ಸಾಮಾಜಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಹೊನ್ನೂರಸಾಬರನ್ನು ಎಲ್ಲರೂ ಪೇಟಿ ಮಾಸ್ತರ್ ಎನ್ನುತ್ತಾರೆ. ನಾನು ಬರೆದ ಒಂದೆರಡು ಕಥೆಗಳು ಪತ್ರಿಕೆಯಲ್ಲಿ ಬಂದದ್ದನ್ನು ಅವರು ಯಾರಿಂದಲೋ ಕೇಳಿದ್ದರು.

"ಈ ವರ್ಷ ಮೈನಿಂಗ್ ಮ್ಯಾಲೆ ಒಂದು ನಾಟಕ ಬರ್ದು ಕೊಡ್ರಿ ಟೀಚರಮ್ಮಾ," ಎಂದರು ಮಾಸ್ತರು. "ವಿಲನ್ ಹೆಂಗಿರಬೇಕಂದ್ರ, ಮಂದಿ ಎದ್ದು ಚಪ್ಪಲಿ ತೂರಬೇಕು. ನಮ್ಮ ಕಡೆ ನಾಟಕ ಪಾಸಾತು ಅಂತ ಗೊತ್ತಾಗೋದ ಹಂಗ."

ಒಪ್ಪಿಕೊಂಡೆ. ಮಾಸ್ತರು ಹೋದ ಮೇಲೆ ಹೆದರಿಕೆಯಾಯಿತು. ಚಪ್ಪಲಿಗೆ ಯೋಗ್ಯನಾದವನನ್ನು ಎಲ್ಲಿಂದ ತರಲಿ? ಖಳನಿಗೆ ಭುಜಂಗಪ್ಪ ಎಂದು ಹೆಸರಿಟ್ಟೆ. ಹೆಸರು ಚೆನ್ನಾಗಿತ್ತು, ಮನುಷ್ಯ ಮಾತ್ರ ಇರಲಿಲ್ಲ. ಕೊನೆಗೆ, ದೂರ ಯಾಕೆ ಹುಡುಕಬೇಕು ಎಂದು ನನ್ನ ತಮ್ಮ ವೀರೇಶನನ್ನೇ ಎತ್ತಿಕೊಂಡೆ.

ವೀರೇಶನ ಪರಿಚಯ ಹೇಳಬೇಕು. ನಮ್ಮದು ಕಂಪ್ಲಿ. ಅಪ್ಪನದು ಅಲ್ಲಿ ಸಣ್ಣ ಅಕ್ಕಿ ಗಿರಣಿ. ಚಿಕ್ಕಂದಿನಲ್ಲಿ ನನ್ನ ಸ್ಲೇಟು ಒಡೆದವನು ವೀರೇಶ. ಸ್ಲೇಟಿಲ್ಲದೆ ಬಂದೆನೆಂದು ಮೇಷ್ಟ್ರು ನನಗೆ ಹೊಡೆದಾಗ ಹೋಗಿ ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟವನೂ ವೀರೇಶನೇ. ದೊಡ್ಡವನಾದ ಮೇಲೂ ಅದೇ ರೀತಿ. ಗಿರಣಿಯ ಹೊಟ್ಟಿನ ಧೂಳು ಸಾಕಾಯಿತೆಂದು ಹೊಸಪೇಟೆಗೆ ಬಂದು ಅದಿರಿನ ಧೂಳಿಗೆ ಬಿದ್ದ. ಮೊದಲೊಂದು ಟಿಪ್ಪರ್, ಆಮೇಲೆ ಹಲವು, ಆಮೇಲೆ ಬಾಗಿಲು ಹಾಕಿದರೆ ಸದ್ದೇ ಆಗದ ದೊಡ್ಡ ಕಾರು. ಸಂಡೂರಿನಿಂದ ಬಂದ ಅದಿರನ್ನು ರೈಲಿಗೆ ಹತ್ತಿಸುವ ತನಕ ಸುರಿದಿಡಲು ಅವನಿಗೆ ರಸ್ತೆ ಪಕ್ಕದಲ್ಲಿ ಜಾಗ ಬೇಕಾಗಿತ್ತು. ಗಾದಿಗನೂರಿನ ಗಂಗವ್ವನ ಹೊಲವನ್ನು ಬಾಡಿಗೆಗೆ ಹಿಡಿದ. ಒಂದು ವರ್ಷ ಎಂದು ಹೇಳಿದ್ದ. ವರ್ಷ ಕಳೆದರೂ ಗುಡ್ಡೆ ಕರಗಲಿಲ್ಲ, ಬೆಳೆಯಿತು. ಜೋಳ ಬೆಳೆಯುತ್ತಿದ್ದ ಕರಿ ಎರೆಭೂಮಿ ಮೊಣಕಾಲುದ್ದ ಕೆಂಪು ಪುಡಿಯ ಅಡಿ ಸೇರಿಹೋಯಿತು.

ಗಂಗವ್ವ ನನಗೆ ಗೊತ್ತಿದ್ದವಳು. ಗಂಡ ಇಲ್ಲ. ಒಬ್ಬಳೇ ಮಗಳು ರೇಣುಕಾ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದಳು. ಹೊಲದ ವಿಷಯವನ್ನು ಆ ಹುಡುಗಿ ನನಗೆ ಹೇಳಿರಲಿಲ್ಲ. ಬಸ್ಸಿನಿಂದ ನೋಡಿದಾಗ ಆ ಗುಡ್ಡೆಯ ಮೇಲೆ ನನ್ನ ತಮ್ಮನ ಹೆಸರಿನ ಬೋರ್ಡು ಕಂಡಿತು. ವಿಚಾರಿಸಿದಾಗ ಹೊಲ ಗಂಗವ್ವನದೆಂದು ತಿಳಿಯಿತು. ಅವನನ್ನು ಕೇಳಿದೆ. "ಬಾಡಿಗಿ ಕೊಡ್ತೀನಲ್ಲಕ್ಕಾ, ಪುಗಸಟ್ಟೆ ಏನ್ ಇಟಗೊಂಡಿಲ್ಲ," ಎಂದು ನಕ್ಕ. ಅವನ ನಗು ದೊಡ್ಡದು. ಗಿರಣಿಯ ಸದ್ದಿನಲ್ಲಿ ಬೆಳೆದವರ ನಗು.

ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಭುಜಂಗಪ್ಪ ಸರಸರನೆ ಕಾಗದಕ್ಕಿಳಿದ. ವಿಧವೆಯೊಬ್ಬಳ ಹೊಲವನ್ನು ಅದಿರಿನಿಂದ ಮುಚ್ಚುತ್ತಾನೆ. ಅವಳು ಬಂದು ಹೊಲ ಕೇಳಿದರೆ, "ಹೊಲ ಎಲ್ಲೈತಿ? ಇಲ್ಲಿರೋದು ನನ್ನ ಮಣ್ಣು" ಎಂದು ಗಹಗಹಿಸುತ್ತಾನೆ. ವಿಧವೆಗೆ ಬಿಳಿ ಸೀರೆ ಉಡಿಸಿದೆ, ದೃಶ್ಯಕ್ಕೊಂದು ಸಲ ಅಳಿಸಿದೆ. ಪೇಟಿ ಮಾಸ್ತರರಿಗೆ ಓದಿ ಹೇಳಿದೆ. ಅವರು ತೊಡೆ ತಟ್ಟಿಕೊಂಡು, "ಭಾಳ ಚಲೋ ಆಗೇತ್ರಿ! ನಾನಂತೂ ಎಕ್ಕಡ ಕೈಯಾಗ ಹಿಡಕೊಂಡ ಕೇಳಿದೆ," ಎಂದರು. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಮಂಡಿನೋವಿಲ್ಲದ ದುಷ್ಟನನ್ನು ಬರೆದಿದ್ದೆ.

ಆ ಸಂತೋಷ ಬಹಳ ದಿನ ಬಾಳಲಿಲ್ಲ. ಕೆಲವು ದಿನ ಶಾಲೆಗೆ ಬಾರದೆ ಇದ್ದ ರೇಣುಕಾ ಒಂದು ದಿನ ಸೊರಗಿದ ಮುಖ ಹೊತ್ತು ಬಂದಳು. ಏನಾಗಿತ್ತು ಎಂದು ಕೇಳಿದರೆ, ಜ್ವರ ಏರಿ ಪ್ರಜ್ಞೆ ತಪ್ಪಿತ್ತಂತೆ. ಗಂಗವ್ವ ರಸ್ತೆಗೆ ಓಡಿ ಬಂದು ಕೂಗಿಕೊಂಡಾಗ ಅದಿರಿನ ಗುಡ್ಡೆಯ ಹತ್ತಿರ ನಿಂತಿದ್ದವನು ವೀರೇಶ. ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳದ ಹೊಸ ಕಾರಿನಲ್ಲಿ ಹುಡುಗಿಯನ್ನು ಮಲಗಿಸಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಹಾರಿಸಿಕೊಂಡು ಹೋಗಿದ್ದಾನೆ. ದಾರಿಯಲ್ಲಿ ಅವಳು ವಾಂತಿ ಮಾಡಿಕೊಂಡದ್ದನ್ನು ತನ್ನ ಶಲ್ಯದಿಂದ ಒರೆಸಿದ್ದಾನೆ. ಜ್ವರ ಇಳಿಯುವವರೆಗೆ ಗಂಗವ್ವನ ಜೊತೆ ಆಸ್ಪತ್ರೆಯ ಬೆಂಚಿನ ಮೇಲೇ ಇದ್ದನಂತೆ. "ನಿಮ್ಮ ತಮ್ಮ ನಿಮಗ ಹೇಳಿಲ್ಲೇನ್ರಿ ಟೀಚರ್?" ಎಂದು ಹುಡುಗಿ ಆಶ್ಚರ್ಯಪಟ್ಟಳು. ನನಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಈಗ ಭುಜಂಗಪ್ಪನನ್ನು ಏನು ಮಾಡಲಿ? ನಿಜವಾಗಿ ನಡೆದದ್ದನ್ನು ಬಿಟ್ಟರೆ ಬರಹ ಸುಳ್ಳಾಗುತ್ತದೆ. ಸೇರಿಸಿದರೆ ಚಪ್ಪಲಿ ಬೀಳುವುದಿಲ್ಲ.

ಆ ವಾರ ಹುಡುಗಿಯರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಹಂಪಿ ನಮಗೆ ಪಕ್ಕದ ಮನೆಯಿದ್ದ ಹಾಗೆ, ಪಕ್ಕದ ಮನೆಯನ್ನು ನೋಡುವಷ್ಟೇ ಅಪರೂಪಕ್ಕೆ ನೋಡುತ್ತೇವೆ. ನಡುಮಧ್ಯಾಹ್ನ ಒಂದು ಕಂಬದ ಮುಂದೆ ನಿಂತು ಇದು ನರ್ತಕಿಯ ಶಿಲ್ಪ ಎಂದು ವಿವರಿಸುತ್ತಿದ್ದೆ. "ಮುಖಾನ ಇಲ್ಲಲ್ರೀ ಟೀಚರ್," ಎಂದಳು ಒಬ್ಬಳು. ನಿಜ. ಸುಡು ಬೆಳಕಿನಲ್ಲಿ ಕಲ್ಲು ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಸಂಜೆ ಬಸ್ಸಿಗೆ ವಾಪಸಾಗುವಾಗ ಅದೇ ಕಂಬ. ಓರೆ ಬಿಸಿಲು ಬಿದ್ದು ಅರ್ಧ ಕೆನ್ನೆಗೆ ನೆರಳಾಗಿ, ಮೂಗು, ತುಟಿ, ತುಟಿಯ ಕೊನೆಯ ತುಂಟತನ ಎಲ್ಲ ಎದ್ದು ಬಂದಿತ್ತು. ಹುಡುಗಿಯರು ಹೋ ಎಂದರು. ನಾನು ಸಿಕ್ಕಿತು ಸೂತ್ರ ಎಂದುಕೊಂಡೆ.

ನನ್ನಂಥವರ ಕೈಗೆ ಸೂತ್ರ ಸಿಗಬಾರದು. ಮನೆಗೆ ಬಂದು ಒಂದು ದೃಶ್ಯ ಕತ್ತಲೆ, ಒಂದು ದೃಶ್ಯ ಬೆಳಕು ಎಂದು ಪಾಲು ಹಾಕಿದೆ. ಭುಜಂಗಪ್ಪ ಹೊಲ ಮುಚ್ಚುತ್ತಾನೆ, ಹುಡುಗಿಯನ್ನು ಆಸ್ಪತ್ರೆಗೆ ಸೇರಿಸುತ್ತಾನೆ. ವಿಧವೆಯನ್ನು ಗದರುತ್ತಾನೆ, ಮರುಗಳಿಗೆ ಕಣ್ಣೊರೆಸಿಕೊಳ್ಳುತ್ತಾನೆ. ನಮ್ಮ ಯಜಮಾನರು ಓದಿ, "ಈ ಮನುಷ್ಯನಿಗೆ ಏನೋ ಕಾಯಿಲೆ ಇದೆ, ಪಾಪ," ಎಂದರು. ಪೇಟಿ ಮಾಸ್ತರಂತೂ ನೊಂದುಕೊಂಡರು. "ಆಸ್ಪತ್ರಿ ಸೀನ್ ಯಾಕ ಹಾಕಿದ್ರಿ? ಈಗ ಮಂದಿ ಯಾರ್ ಮ್ಯಾಲೆ ಸಿಟ್ಟಾಗಬೇಕು? ನನ್ನ ಮ್ಯಾಲೇನು?" ಎಂದರು. ಮಾಸ್ತರ ಮಾತಿನಲ್ಲೂ ಸತ್ಯವಿತ್ತು. ಒಬ್ಬ ಮನುಷ್ಯ ಒಮ್ಮೆ ಆಸ್ಪತ್ರೆಗೆ ಹೋಗಿಬಂದ ಮಾತ್ರಕ್ಕೆ ಹೊಲದ ಮೇಲಿನ ಗುಡ್ಡೆ ಏನೂ ತಗ್ಗುವುದಿಲ್ಲವಲ್ಲ. ದೃಶ್ಯ ತೆಗೆದೆ. ಮತ್ತೆ ಹಾಕಿದೆ. ಹೀಗೆ ತೆಗೆದು ಹಾಕುತ್ತಿರುವಾಗಲೇ ಇನ್ನೊಂದು ಕಷ್ಟ ಬಂತು.

ಭುಜಂಗಪ್ಪನ ಪಾತ್ರ ಮಾಡಬೇಕಾಗಿದ್ದವನು ಲಾರಿ ಡ್ರೈವರ್. ಅದಿರು ಹೇರಿಕೊಂಡು ಬಂದರಿನ ಕಡೆ ಹೋದವನು ಅಲ್ಲಿಯೇ ಸರದಿಯಲ್ಲಿ ಸಿಕ್ಕಿಬಿದ್ದ. ನಾಟಕ ಹತ್ತಿರ ಬಂದಿತ್ತು. ಜನರೇಟರ್ ಕೊಡಿಸುತ್ತೇನೆಂದು ಒಪ್ಪಿದ್ದ ವೀರೇಶ ಒಂದು ಸಂಜೆ ತಾಲೀಮಿಗೆ ಬಂದ. ಮಾಸ್ತರು ಅವನ ಎತ್ತರ, ಮೀಸೆ, ಗಂಟಲು ನೋಡಿದರು. ಇವನು ನನ್ನ ತಮ್ಮನೆಂದು ಅವರಿಗೆ ಗೊತ್ತಿತ್ತು, ಭುಜಂಗಪ್ಪನೆಂದು ಗೊತ್ತಿರಲಿಲ್ಲ.

"ಧಣೀ, ನೀವ ಯಾಕ ವಿಲನ್ ಪಾರ್ಟ್ ಮಾಡಬಾರದು?"

ನಾನು ಕುಳಿತಲ್ಲೇ ಬೆವೆತೆ. ವೀರೇಶ ಮಾತ್ರ ಖುಷಿಯಾದ. "ಮಸ್ತ್! ಹೀರೋ ಆದ್ರ ಬರೀ ಬುದ್ಧಿ ಹೇಳಬೇಕಾಕೈತಿ," ಎಂದು ಹಾಳೆಗಳನ್ನು ತೆಗೆದುಕೊಂಡು ಅಲ್ಲೇ ಓದತೊಡಗಿದ. ಓದುತ್ತ ನಗುತ್ತಿದ್ದ. "ಅಕ್ಕಾ, ಈ ಭುಜಂಗಪ್ಪ ಅದಾನಲ್ಲ, ಥೇಟ್ ನಮ್ಮ ಸಂಡೂರಿನ ಪಾರ್ಟ್ನರ್ ಇದ್ದಂಗ ಅದಾನ ನೋಡು!" ಎಂದ. ನನಗೆ ಜೀವ ಬಂತು. ಕನ್ನಡಿ ತೋರಿಸಿದರೂ ಮನುಷ್ಯ ಅದರಲ್ಲಿ ಪಾರ್ಟ್ನರನ್ನೇ ಕಾಣುತ್ತಾನೆ ಎಂದು ಸಮಾಧಾನಪಟ್ಟುಕೊಂಡೆ.

ಆಮೇಲೆ ಆಸ್ಪತ್ರೆಯ ದೃಶ್ಯ ಬಂತು. ವೀರೇಶ ನಗುವುದನ್ನು ನಿಲ್ಲಿಸಿದ. ಹಾಳೆಯನ್ನು ಎರಡು ಸಲ ತಿರುವಿದ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಇದನ್ನ ತೆಗಿ."

"ಯಾಕೋ?"

"ತೆಗಿ ಅಂದ್ನೆಲ್ಲಾ. ಮೊದಲಿಂದೆಲ್ಲಾ ಇರ್ಲಿ. ಹೊಲದ್ದು ಇರ್ಲಿ, ನಗೋದು ಇರ್ಲಿ. ಇದು ಬ್ಯಾಡ."

"ನಡೆದದ್ದೇ ಅಲ್ಲವೇನೋ?"

"ನಡದದ್ದಕ್ಕ ಬ್ಯಾಡ ಅನ್ನಾಕತ್ತಿದ್ದು. ಸ್ಟೇಜ್ ಮ್ಯಾಲೆ ತೋರಿಸಿದ್ರ ಅದು ತೋರಸಾಕಂತ ಮಾಡಿದಂಗ ಆಕೈತಿ."

ಅಂದರೆ ಅವನಿಗೆಲ್ಲ ಗೊತ್ತಾಗಿತ್ತು. ಮೊದಲ ಪುಟದಿಂದಲೇ ಗೊತ್ತಾಗಿತ್ತೋ, ಆಗಷ್ಟೇ ಹೊಳೆಯಿತೋ, ನನಗೆ ಇವತ್ತಿಗೂ ತಿಳಿಯದು. ತನ್ನ ಬಗ್ಗೆ ಬರೆದ ಕೆಟ್ಟದ್ದನ್ನೆಲ್ಲ ಊರಿನ ಮುಂದೆ ಆಡಿ ತೋರಿಸಲು ಅವನಿಗೆ ಅಡ್ಡಿಯಿಲ್ಲ. ಮಾಡಿದ ಒಂದು ಒಳ್ಳೆಯದನ್ನು ಮುಟ್ಟಿದರೆ ಮೈ ಉರಿಯುತ್ತದೆ. ಜನ ಹೊಗಳಿದರೆ ಉಬ್ಬುತ್ತಾರೆ, ತೆಗಳಿದರೆ ಕುಗ್ಗುತ್ತಾರೆ ಎಂದುಕೊಂಡು ಅದರ ಮೇಲೇ ನಾನು ಎಷ್ಟು ಪಾತ್ರಗಳನ್ನು ಕಟ್ಟಿದ್ದೆ! ದೃಶ್ಯ ತೆಗೆದೆ. ಭುಜಂಗಪ್ಪ ಮತ್ತೆ ಪೂರ್ತಿ ಕತ್ತಲೆಯಾದ. ಈ ಬಾರಿ ಅವನ ಅಪ್ಪಣೆಯಿಂದಲೇ.

ನಾಟಕ ಗಾದಿಗನೂರಿನ ಶಾಲೆಯ ಬಯಲಿನಲ್ಲಿ, ಹೊತ್ತು ಮುಳುಗುತ್ತಲೇ ಶುರುವಾಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವವರು ಬೇಗ ಮಲಗಬೇಕಾದ್ದರಿಂದ ಬೆಳತನಕ ಆಡುವ ಪದ್ಧತಿ ಆ ಊರಿನಲ್ಲಿ ನಿಂತುಹೋಗಿತ್ತು. ಗಂಗವ್ವ ಮಗಳೊಂದಿಗೆ ಮುಂದೆಯೇ ಚಾಪೆ ಹಾಸಿಕೊಂಡು ಕುಳಿತಿದ್ದಳು. ನನ್ನ ಕಣ್ಣು ರಂಗದ ಮೇಲಿದ್ದದ್ದಕ್ಕಿಂತ ಹೆಚ್ಚು ಅವಳ ಮೇಲಿತ್ತು.

ಹೊಲ ಕೇಳುವ ದೃಶ್ಯ ಬಂತು. ಹೊರಗಿನಿಂದ ಕರೆಸಿದ್ದ ನಟಿ ಬಿಳಿ ಸೀರೆಯಲ್ಲಿ ಬಂದು ಸೆರಗೊಡ್ಡಿದಳು. ವೀರೇಶ ಮಾತಾಡಬೇಕಾಗಿತ್ತು, ಸುಮ್ಮನೆ ನಿಂತ. ಪರದೆಯ ಸಂದಿಯಿಂದ ಮಾಸ್ತರು "ಹೊಲ ಎಲ್ಲೈತಿ, ಹೊಲ ಎಲ್ಲೈತಿ" ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ನಮಗೆಲ್ಲ ಕೇಳಿಸಿತು. ವೀರೇಶ ಜನರ ಕಡೆ ನೋಡಿದ. ಗಂಗವ್ವನನ್ನು ನೋಡಿದನೋ, ದೀಪಕ್ಕೆ ಕಣ್ಣು ಕೋರೈಸಿತೋ. ಆಮೇಲೆ ಮಾತು ಹೇಳಿ ನಕ್ಕ. ತಾಲೀಮಿನಲ್ಲಿ ಕಲಿತ ಗಹಗಹದ ನಗುವಲ್ಲ. ಕಂಪ್ಲಿಯಲ್ಲಿ ನನ್ನ ಜಡೆ ಎಳೆದು ಓಡಿಹೋಗುವಾಗ ನಗುತ್ತಿದ್ದನಲ್ಲ, ಹಬ್ಬಕ್ಕೆ ಬಂದು ನನ್ನ ಮಕ್ಕಳನ್ನು ಹೆಗಲಿಗೇರಿಸಿಕೊಂಡಾಗ ನಗುತ್ತಾನಲ್ಲ, ಅದೇ ಮನೆಯ ನಗು. ಆ ಜಾಗದಲ್ಲಿ ಅದನ್ನು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಹಿಂದಿನಿಂದ ಒಂದು ಚಪ್ಪಲಿ ಹಾರಿ ಬಂದು ರಂಗದ ಮೇಲೆ ಬಿತ್ತು. ಜನ ಶಿಳ್ಳೆ ಹಾಕಿದರು. ಮಾಸ್ತರ ಪೇಟಿ ಕುಣಿಯಿತು. ವೀರೇಶ ಆ ಚಪ್ಪಲಿಯನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡ, ಇನ್ನಷ್ಟು ಶಿಳ್ಳೆ. ನಾನು ಬರೆದ ಕತ್ತಲೆಯಲ್ಲಿ ಆ ನಗು ಇರಲಿಲ್ಲ. ಬರೆಯುವ ಧೈರ್ಯವೂ ನನಗೆ ಬರುತ್ತಿರಲಿಲ್ಲ.

ಅಂದು ರಾತ್ರಿ ಗಂಗವ್ವನ ಮನೆಯಲ್ಲೇ ಉಳಿದೆ. ಮುಂಜಾನೆ ನನ್ನನ್ನು ಕರೆದೊಯ್ಯಲು ವೀರೇಶ ಬಂದ. ಕಣ್ಣಿನ ಸುತ್ತ ಬಳಿದಿದ್ದ ಕಪ್ಪು ಪೂರ್ತಿ ಹೋಗಿರಲಿಲ್ಲ. ಗಂಗವ್ವ ಅವನಿಗೂ ಚಹಾ ಕೊಟ್ಟಳು. ನಾಟಕ ಹೇಗಿತ್ತು ಎಂದು ಅವಳನ್ನು ಕೇಳಲು ನನಗೆ ಅಳುಕು. ಅವಳೇ ಶುರು ಮಾಡಿದಳು.

"ನಾಟಕ ಚಲೋ ಇತ್ರಿ. ಆದ್ರ ಆ ಹೆಣಮಗಳು ಯಾಕ ಅಷ್ಟು ಅಳ್ತಾಳ? ಒಂದರ ಬೈಗುಳ ಬ್ಯಾಡೇನು? ಹೊಲ ಹೋದಾಕಿ ಹಂಗ ಸೆರಗು ಒಡ್ಡಿಕೊಂಡು ನಿಂದ್ರತಾಳೇನು?"

ನನಗೆ ನಾಚಿಕೆಯಾಯಿತು. ಇಷ್ಟು ದಿನ ಭುಜಂಗಪ್ಪನಿಗೆ ಎಷ್ಟು ಬೆಳಕು ಕೊಡಬೇಕೆಂದು ಒದ್ದಾಡಿದವಳು, ಗಂಗವ್ವನಿಗೆ ಒಂದು ಚಿಟಿಕೆ ಕತ್ತಲೆಯನ್ನೂ ಕೊಟ್ಟಿರಲಿಲ್ಲ. ನಿಜದ ಗಂಗವ್ವ ಎಂಥವಳು! ನೆರೆಯವಳ ಕೋಳಿ ಅಂಗಳಕ್ಕೆ ಬಂದರೆ ಕೋಳಿಯ ಏಳು ತಲೆಮಾರನ್ನು ಎಳೆಯುತ್ತಾಳೆ. ತನ್ನ ಎಮ್ಮೆ ಕಂಡವರ ಮೇವಿಗೆ ಬಾಯಿ ಹಾಕಿದರೆ ಅತ್ತ ತಿರುಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ. ವೀರೇಶನ ಬಾಡಿಗೆಯಿಂದ ಬಂದ ಟಿವಿಯ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಳು. ಅವಳನ್ನು ಬಿಳಿ ಸೀರೆಯಲ್ಲಿ ಸುತ್ತಿ ನಾನು ಹಂಪಿಯ ಮಧ್ಯಾಹ್ನದಲ್ಲಿ ನಿಲ್ಲಿಸಿದ್ದೆ.

"ನೀವಾಗಿದ್ದರೆ ಏನು ಅಂತಿದ್ದಿರಿ?" ಎಂದೆ.

ಗಂಗವ್ವ ಚಹಾದ ಲೋಟ ಕೆಳಗಿಟ್ಟಳು. ನನ್ನ ಕಡೆಗಲ್ಲ, ವೀರೇಶನ ಕಡೆಗೆ ತಿರುಗಿ ನಿಂತಳು.

"ಏ ವೀರೇಶಪ್ಪಾ, ನನ್ನ ಮಗಳ ಜೀವ ಉಳಸೀದಿ, ನಿನ್ನ ಹೊಟ್ಟಿ ತಣ್ಣಗಿರಲಿ. ನನ್ನ ಹೊಲ ತಿಂದೀದಿ, ನಿನ್ನ ಲಾರಿಗೆ ಬೆಂಕಿ ಬೀಳಲಿ. ಒಂದು ವರ್ಷ ಅಂದಿದ್ದಿ. ಬಾಡಿಗಿ ಬ್ಯಾಡ ನನಗ, ಭೂಮಿ ಕೊಡು. ಯಾವಾಗ ಕೊಡ್ತಿ, ಈಗ ಹೇಳು."

ವೀರೇಶ ನಗಲಿಲ್ಲ. ಲೋಟದಲ್ಲಿ ಉಳಿದ ಚಹಾವನ್ನು ನೋಡುತ್ತ, "ಮಳಿಗಾಲದೊಳಗ ಬಿಡ್ತೀನಬೇ," ಎಂದ. ನನ್ನನ್ನು ಮನೆಯ ಹತ್ತಿರ ಇಳಿಸುವಾಗ, "ನಿನ್ನ ನಾಟಕಕ್ಕಿಂತ ಆಕಿ ಡೈಲಾಗ್ ಚಲೋ ಅದಾವ," ಎಂದ.

ಮಾತು ಉಳಿಸಿಕೊಂಡ. ಮುಂಗಾರಿಗೆ ಮೊದಲೇ ಗುಡ್ಡೆ ಎತ್ತಿಸಿದ. ಮೇಲಿನ ಕೆಂಪು ಮಣ್ಣನ್ನು ಕೆರೆಸಿ, ಎಲ್ಲಿಂದಲೋ ಕೆರೆಯ ಗೋಡು ಮಣ್ಣು ಹೇರಿಸಿ ತಂದು ಹರವಿಸಿದ. ಅದೇ ಟಿಪ್ಪರುಗಳು, ಅದೇ ಡ್ರೈವರುಗಳು. ಗಂಗವ್ವ ಬದುವಿನ ಮೇಲೆ ನಿಂತು, ಮಣ್ಣು ಸಾಲದೆಂದು ಅವರನ್ನೂ ಬೈದಳಂತೆ. ಆ ವರ್ಷ ಜೋಳ ಅಲ್ಲಲ್ಲಿ ಎದ್ದಿತು, ಅಲ್ಲಲ್ಲಿ ಹಳದಿಯಾಗಿ ಮಲಗಿತು. ಆದರೂ ಎಳೆ ತೆನೆ ಸುಟ್ಟು ಸೀತನಿ ತಿನ್ನಲು ರೇಣುಕಾ ನನ್ನನ್ನು ಕರೆದುಕೊಂಡು ಹೋದಳು.

ನನ್ನ ಹಿಗ್ಗನ್ನು ಏನೆಂದು ಹೇಳಲಿ! ನಾಟಕದಿಂದ ಒಂದು ಹೊಲ ಬಿಡುಗಡೆಯಾಯಿತಲ್ಲ! ಸಾಹಿತ್ಯದ ಪ್ರಯೋಜನದ ಬಗ್ಗೆ ನಮ್ಮ ಯಜಮಾನರಿಗೆ ಒಂದು ಊಟದ ಹೊತ್ತು ಪೂರ್ತಿ ಭಾಷಣ ಮಾಡಿದೆ. ಅವರು ಮಜ್ಜಿಗೆ ಕಲಸಿಕೊಳ್ಳುತ್ತ, "ಬೈದವಳು ಗಂಗವ್ವ ಅಲ್ಲವೇ?" ಎಂದಷ್ಟೇ ಕೇಳಿದರು.

ಆ ಹಿಗ್ಗಿನಲ್ಲೇ ಇರುವಾಗ ಬಳ್ಳಾರಿಗೆ ಹೋಗುವ ಬಸ್ಸಿನಿಂದ ಇನ್ನೊಂದು ಗುಡ್ಡೆ ಕಂಡೆ. ಗಂಗವ್ವನ ಹೊಲದಿಂದ ಕೂಗಳತೆಯಲ್ಲಿ. ಹೊಸ ಗುಡ್ಡೆ, ಹಳೆಯ ಬೋರ್ಡು, ನನ್ನ ತಮ್ಮನ ಹೆಸರು. ಮುಂದಿನ ನಿಲ್ದಾಣದಲ್ಲಿ ಇಳಿದು ಬಿಸಿಲಿನಲ್ಲಿ ಹಿಂದಕ್ಕೆ ನಡೆದೆ. ಹೊಲದವನು ಅಲ್ಲೇ ಬೇವಿನ ಮರದಡಿ ಹೊಸ ಬೈಕು ಒರೆಸುತ್ತಿದ್ದ. ತಿಪ್ಪೇಶಿ ಎಂದು ಹೆಸರು. ನಾನು ಯಾರೆಂದು ತಿಳಿದದ್ದೇ ಕೈಮುಗಿದ.

"ನಿಮ್ಮ ತಮ್ಮ ದೇವರಂಥವರ್ರಿ ಅಕ್ಕಾರ," ಎಂದ. "ಎಷ್ಟ ಸಲ ಕೇಳಿದ್ನೆಪಾ ನನ್ನ ಹೊಲಾನೂ ತಗೋರಿ ಅಂತ. ಗಂಗವ್ವ ಬಿಡಿಸ್ಕೊಂಡಿದ್ದಕ್ಕ ನನಗ ಚಾನ್ಸ್ ಬಂತು."

ಆ ಗುಡ್ಡೆ ಹೊಲಕ್ಕೆ ಮುಂದೇನು ಮಾಡುತ್ತದೆಂದು ಅವನನ್ನು ಎಚ್ಚರಿಸಲೇ? ಗಂಗವ್ವನ ಹಳದಿ ಜೋಳ ಅವನ ಹೊಲದಿಂದಲೇ ಕಾಣುತ್ತಿತ್ತು. ಅವನು ನೋಡಿರಲಿಲ್ಲವೇ? ನೋಡಿಯೇ ವೀರೇಶನನ್ನು ಕರೆದಿದ್ದ. ಅವನ ಕೈಯಿಂದ ಒಂದು ಚೊಂಬು ನೀರು ಇಸಿದುಕೊಂಡು ಕುಡಿದು ವಾಪಸು ಬಂದೆ.

ಭಾನುವಾರ ವೀರೇಶ ಊಟಕ್ಕೆ ಬಂದ. ರೊಟ್ಟಿ ಬಡಿಯುತ್ತ ಕೇಳಿದೆ. "ಒಂದು ಹೊಲ ಬಿಟ್ಟು ಇನ್ನೊಂದು ಹಿಡಿದೆಯಲ್ಲೋ. ಇದಕ್ಕೆ ಏನನ್ನಬೇಕು?"

ಅವನು ಬದನೆಕಾಯಿ ಪಲ್ಯಕ್ಕೆ ರೊಟ್ಟಿ ಅದ್ದುತ್ತ ತಲೆಯೆತ್ತದೆ ಹೇಳಿದ: "ಆ ಹೊಲಕ್ಕ ಬ್ಯಾರೆ ನಾಟಕ ಬರಿ ಅಕ್ಕಾ."

ಚೇಷ್ಟೆಗೆ ಹೇಳಿದನೋ, ನಿಜವಾಗಿಯೇ ಬೇಡಿಕೊಂಡನೋ ಮುಖ ನೋಡಿದರೆ ಗೊತ್ತಾಗುತ್ತಿತ್ತೇನೋ. ಅವನು ತಟ್ಟೆಯ ಮೇಲೆ ಬಾಗಿದ್ದ. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಬಂದಿತ್ತು. ತೆಗೆದು, ಕೇಳದೆ, ಅವನ ತಟ್ಟೆಗೆ ಹಾಕಿದೆ.